ಕಾರಣ ಸಮೇತ ಬಂದ ಮುಯ್ಯಾಳು

ಶಿವರಾತ್ರಿ ಹತ್ತಿರ ಬಂದಿತ್ತು. ರೋಬಸ್ಟಾ ಕುಯ್ಲು ಮುಗಿದು, ಕಣದಲ್ಲಿ ಹರಡಿದ ಹಣ್ಣು ಕೆಂಪು ಕಳೆದು ಕಪ್ಪಾಗಿ, ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು ಮಾಡುವ ಹದಕ್ಕೆ ಬಂದಿತ್ತು. ಇಬ್ಬನಿ ಆರುವುದನ್ನೇ ಕಾದಿದ್ದ ಸುಶೀಲಾ ಉದ್ದ ಹಿಡಿಯ ಗೋರುಮಣೆಯಿಂದ ಕಾಫಿಯನ್ನು ಸಾಲುಸಾಲಾಗಿ ಎಳೆಯುತ್ತಿದ್ದಳು. ಹಿಂದೆ ಹುಚ್ಚಮ್ಮ ಕಡ್ಡಿ, ಎಲೆ, ಕಲ್ಲು ಹೆಕ್ಕುತ್ತ ಬರುತ್ತಿದ್ದಳು. ಸುಶೀಲಾ ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ಹುಚ್ಚಮ್ಮ ಈ ಮನೆಯ ಕೆಲಸಕ್ಕೆ ಬಂದವಳು. ಹಾಗಾಗಿ ಇಬ್ಬರಲ್ಲಿ ಕೆಲಸ ಹೇಳುವವರು ಯಾರು, ಮಾಡುವವರು ಯಾರು ಎಂಬುದು ಇಂದಿಗೂ ಇತ್ಯರ್ಥವಾಗಿರಲಿಲ್ಲ.

ಆ ದಿನ ಕಾಫಿಯನ್ನು ಮೂಟೆಗೆ ತುಂಬಿ ಉಗ್ರಾಣಕ್ಕೆ ಸೇರಿಸಲೇಬೇಕಿತ್ತು. ಕಾಫಿಯ ಮೊಗ್ಗು ಅರಳಿಸುವ ಹೂಮಳೆಯ ಕಾಲ ಅದು. ಕೊಟ್ಟಿಗೆಹಾರದಿಂದ ಕಳಸದವರೆಗೆ ತೋಟ ಇದ್ದವರೆಲ್ಲ ಒಂದು ಮಳೆಗಾಗಿ ದೇವರಿಗೆ ಕೈಮುಗಿಯುತ್ತಿದ್ದರು. ಕಣದಲ್ಲಿ ಕಾಫಿ ಇದ್ದವರು ಮಾತ್ರ ಅದೇ ದೇವರಿಗೆ ಎರಡು ದಿನ ತಡೆ ಎನ್ನುತ್ತಿದ್ದರು. ಒಣಗಿದ ಕಾಫಿ ಒಮ್ಮೆ ನೆಂದರೆ ಬೂಸ್ಟು ಹಿಡಿಯುತ್ತದೆ. ಆಮೇಲೆ ವ್ಯಾಪಾರಿ ಒಂದು ಹಿಡಿ ಮೂಸಿ ನೋಡಿ, ಮೂಟೆ ಕಟ್ಟಿ ವಾಪಸು ತಗೊಂಡು ಹೋಗಿ ಎನ್ನುತ್ತಾನೆ. ವರ್ಷದ ದುಡಿಮೆಯೆಲ್ಲ ಆ ಒಂದು ಮೂಸುವಿಕೆಯಲ್ಲಿ ಮುಗಿಯುತ್ತದೆ.

ತುಂಬುವುದು ಹೆಂಗಸರಿಬ್ಬರ ಕೈಲಾಗುವ ಕೆಲಸ. ಹೊರುವುದಕ್ಕೆ ಹೆಗಲು ಬೇಕು. ಗಂಡ ಸುಬ್ಬಯ್ಯ ಹೋಮವೊಂದಕ್ಕೆ ಹೊರನಾಡಿಗೆ ಹೋಗಿದ್ದರು. ಕೂಲಿಗೆ ಜನ ಕೇಳಿದರೆ ದೊಡ್ಡ ಎಸ್ಟೇಟುಗಳ ಮೇಸ್ತ್ರಿಗಳೇ ಜನಕ್ಕಾಗಿ ರಸ್ತೆ ಕಾಯುತ್ತಿದ್ದರು. ಆದರೆ ಸುಶೀಲಾ ಧೈರ್ಯವಾಗಿದ್ದಳು. ಪಕ್ಕದ ತೋಟದ ಯಶವಂತ ಮುಯ್ಯಿ ತೀರಿಸುವುದು ಬಾಕಿ ಇತ್ತು.

ಈ ಸಲದ ಅರೇಬಿಕಾ ಕುಯ್ಲಿನ ನಡುವೆ ಯಶವಂತನ ಆಳುಗಳು ಹೇಳದೆ ಕೇಳದೆ ಹೋಗಿಬಿಟ್ಟಿದ್ದರು. ಆಗ ಸುಬ್ಬಯ್ಯ, ಸುಶೀಲಾ, ಹುಚ್ಚಮ್ಮ ಮೂವರೂ ಮಂಜಿನಲ್ಲಿ ಕೈ ಸೆಟೆದುಕೊಂಡು ಅವನ ತೋಟದ ಹಣ್ಣು ಬಿಡಿಸಿ ಕೊಟ್ಟಿದ್ದರು. ಸಂಬಳದ ಮಾತಿಲ್ಲ. ಇವತ್ತು ನಿನ್ನ ಕೆಲಸಕ್ಕೆ ನಾವು, ನಾಳೆ ನಮ್ಮ ಕೆಲಸಕ್ಕೆ ನೀನು. ಮುಯ್ಯಿ ಎಂದರೆ ಅಷ್ಟೇ. ಹೇಳಿದ ದಿನ ಬರಲಾಗದಿದ್ದರೆ ಬದಲಿ ಆಳನ್ನು ಕಳಿಸಬೇಕು, ಇಲ್ಲವೇ ಇನ್ನೊಂದು ದಿನ ಹೇಳಬೇಕು. ಯಾಕೆ ಬರಲಿಲ್ಲ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಯಾಕೆ ಎಂಬುದರೊಳಗೆ ಆ ಮನೆಯ ಕಾಯಿಲೆ ಇರಬಹುದು, ಜಗಳ ಇರಬಹುದು, ಹಿಂದಿನ ರಾತ್ರಿಯ ಕುಡಿತ ಇರಬಹುದು. ಕೇಳಿದರೆ ಅವನು ಸುಳ್ಳು ಹೇಳಬೇಕಾಗುತ್ತದೆ, ನಾವು ನಂಬಿದ ಹಾಗೆ ಮಾಡಬೇಕಾಗುತ್ತದೆ. ಇಬ್ಬರಿಗೂ ದಂಡದ ಕೆಲಸ.

ಈ ಏರ್ಪಾಡು ಯಶವಂತ ಹೋಂಸ್ಟೇ ತೆರೆಯುವವರೆಗೆ ಚೆನ್ನಾಗಿಯೇ ನಡೆದಿತ್ತು.

ಹೋಂಸ್ಟೇಗೆ ದೇವರಮನೆ ಬೆಟ್ಟ ನೋಡಲು ಬರುವ ಜನ ಇಂಗ್ಲಿಷಿನವರು. ಹುಟ್ಟಿದ್ದು ಎಲ್ಲೇ ಆಗಿರಲಿ, ಮಾತಾಡುವುದು ಇಂಗ್ಲಿಷು. ಮೊದಲ ವರ್ಷವೇ ಒಂದು ಸಂಸಾರ ಕೋಣೆ ಕಾದಿರಿಸಿ, ಯಶವಂತನ ಹೆಂಡತಿ ಪಂಚಮಿ ಹತ್ತು ಜನಕ್ಕೆ ಅಡುಗೆ ಮಾಡಿಟ್ಟ ಮೇಲೆ, ಬರುವುದಿಲ್ಲ ಎಂದು ಸಂದೇಶ ಕಳಿಸಿತು: ಅನ್‌ಫಾರ್ಚುನೇಟ್ಲಿ ಬರಲಾಗುತ್ತಿಲ್ಲ, ಬಿಕಾಸ್ ನಮ್ಮ ನಾಯಿಗೆ ಮನಸ್ಸು ಸರಿಯಿಲ್ಲ. ಯಶವಂತ ಅದನ್ನು ಮೂರು ಸಲ ಓದಿದ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎಷ್ಟು ಚೊಕ್ಕ! ಮುಂದೊಂದು ಅನ್‌ಫಾರ್ಚುನೇಟ್ಲಿ, ನಡುವೆ ಒಂದು ಬಿಕಾಸ್. ತಪ್ಪು ಮಾಡಿದವರು ಯಾರೂ ಇಲ್ಲ, ಎಲ್ಲ ಆ ನಾಯಿಯ ಪ್ರಾರಬ್ಧ. ಮುಂದಿನ ವಾರ ಬಿಸಿನೀರು ಬಾರದೆ ಅತಿಥಿಗಳು ಕೂಗಾಡಿದಾಗ ಅವನೂ ಹೇಳಿ ನೋಡಿದ: ಆಕ್ಚುಲಿ ನೀರು ಬಿಸಿ ಇಲ್ಲ, ಬಿಕಾಸ್ ಸೋಲಾರ್, ಬಿಕಾಸ್ ಮೋಡ. ಅವರು ತಣ್ಣೀರಲ್ಲಿ ಮಿಂದು, ಓನರ್ ತುಂಬ ಪ್ರಾಮಾಣಿಕ ಮನುಷ್ಯ ಎಂದು ಬರೆದು ಹೋದರು. ಅಲ್ಲಿಂದಾಚೆ ಯಶವಂತ ಸೋಲಾರ್ ರಿಪೇರಿ ಮಾಡಿಸುವ ಗೋಜಿಗೆ ಹೋಗಲಿಲ್ಲ.

ಇಷ್ಟು ಒಳ್ಳೆಯ ಸಾಧನವನ್ನು ಅತಿಥಿಗಳಿಗೆ ಮಾತ್ರ ಮೀಸಲಿಡುವುದು ಹೇಗೆ? ಊರಿಗೂ ಹಂಚಿದ. ಭಜನೆಗೆ ಬರದಿದ್ದಕ್ಕೆ ಬೇಸಿಕಲಿ ಒಂದು ಕಾರಣ, ಬೇಲಿ ಕಟ್ಟದಿದ್ದಕ್ಕೆ ಆನೆಸ್ಟ್ಲಿ ಇನ್ನೊಂದು. ಕಟ್ಟದ ಆ ಬೇಲಿ ದಾಟಿ ಬಂದ ದನಗಳಿಗೆ ಮಾತ್ರ ಈ ಕಾರಣ ತಿಳಿಯಲಿಲ್ಲ.

ಸುಶೀಲಾಳ ಫೋನು ಕಣದ ಕಟ್ಟೆಯ ಮೇಲೆ ಸದ್ದು ಮಾಡಿತು. ಯಶವಂತನ ಸಂದೇಶ. ಅನ್‌ಫಾರ್ಚುನೇಟ್ಲಿ ಎಂದು ಗಟ್ಟಿಯಾಗಿ ಓದತೊಡಗಿದಳು.

“ಹಾಗೆ ಶುರು ಮಾಡಿದಾರಾ?” ಹುಚ್ಚಮ್ಮ ತಲೆ ಎತ್ತಲಿಲ್ಲ. “ಹಾಗಾರೆ ಮುಂದೆ ಓದ್ಬೇಡಿ ಅಮ್ಮ. ಬನ್ನಿ, ಈ ಕಡೆ ಹಿಡೀರಿ.”

ಮುಂದೆ ಇದ್ದದ್ದು ಇಷ್ಟು: ಗೆಸ್ಟ್ ಇದ್ದಾರೆ, ಜೀಪಿನ ಬ್ರೇಕು ಸರಿಯಿಲ್ಲ, ಹೋಪ್‌ಫುಲಿ ಮುಂದಿನ ವಾರ. ಕಳೆದ ವಾರವೂ ಮುಂದಿನ ವಾರ ಎಂದೇ ಇತ್ತು. ಆಗ ಬ್ರೇಕಿನ ಜಾಗದಲ್ಲಿ ಸೊಂಟ ಇತ್ತು. ಸುಶೀಲಾ ಉತ್ತರ ಬರೆಯಲಿಲ್ಲ. ಊರಿನ ಲೆಕ್ಕದಲ್ಲಿ ಅದು ಉತ್ತರವೇ. ಯಶವಂತನಿಗೆ ಮಾತ್ರ ತನ್ನ ಕಾರಣ ತಲುಪಲಿಲ್ಲವೋ ಏನೋ ಎಂದು ಸಂಕಟವಾಯಿತು.

ಮಧ್ಯಾಹ್ನದ ಮೇಲೆ ಚಾರ್ಮಾಡಿಯ ಕಡೆಯಿಂದ ಮೋಡ ಎದ್ದಿತು. ಇನ್ನೂ ಅರ್ಧ ಕಣ ಹಾಗೇ ಬಿದ್ದಿತ್ತು. ತುಂಬಿದ ಮೂಟೆಗಳು ತುಂಬಿದಲ್ಲೇ ಕೂತಿದ್ದವು. ಹೆಂಗಸರಿಬ್ಬರೂ ಒಂದನ್ನು ಎಳೆದು ನೋಡಿ, ಮೆಟ್ಟಿಲ ಬುಡದಲ್ಲಿ ಕೈಬಿಟ್ಟಿದ್ದರು. ಅಷ್ಟರಲ್ಲಿ ಜೀಪು ಬಂದು ನಿಂತಿತು. ಬ್ರೇಕು ಸರಿಯಿಲ್ಲದ ಜೀಪು ಕಣದ ಅಂಚಿಗೆ ಗೇಣು ದೂರದಲ್ಲಿ ಕರಾರುವಾಕ್ಕಾಗಿ ನಿಂತದ್ದನ್ನು ಹುಚ್ಚಮ್ಮ ಗಮನಿಸಿದಳು. ಇಸ್ತ್ರಿ ಮಾಡಿದ ಅಂಗಿಯಲ್ಲಿ ಯಶವಂತ ಇಳಿದ.

“ಮೆಸೇಜಲ್ಲಿ ಹೇಳಿದ್ರೆ ಸರಿಯಾಗೋದಿಲ್ಲ ಸುಶೀಲಕ್ಕ. ಎದುರಿಗೇ ಎಕ್ಸ್‌ಪ್ಲೇನ್ ಮಾಡುವ ಅಂತ ಬಂದೆ.”

ಆಯ್ತು ಬಿಡು ಎಂಬ ಮಾತು ಸುಶೀಲಾಳ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದ್ದರೆ ಅವನು ಬಂದ ದಾರಿಯಲ್ಲೇ ಹೋಗುತ್ತಿದ್ದ. ಅವಳು ಆಕಾಶ ನೋಡಿದಳು, ಕಣ ನೋಡಿದಳು, ಅವನ ಅಗಲವಾದ ಹೆಗಲು ನೋಡಿದಳು.

“ಯಾಕೆ ಬರೋಕಾಗ್ಲಿಲ್ಲ?” ಎಂದಳು.

ಹುಚ್ಚಮ್ಮನ ಕೈ ನಿಂತಿತು. ಆ ಮನೆಯ ಬಾಯಲ್ಲಿ ಇಂಥ ಮಾತನ್ನು ಅವಳು ಕೇಳಿರಲಿಲ್ಲ. ಯಶವಂತನ ಮುಖವಾದರೋ ಅರಳಿತು. ಇಷ್ಟು ವರ್ಷ ಅವನು ಊರಿಗೆಲ್ಲ ಕಾರಣ ಹಂಚಿದರೂ ಬೇಕೆಂದು ಕೇಳಿ ಪಡೆದವರು ಇವರೊಬ್ಬರೇ.

“ಬೇಸಿಕಲಿ ಏನಂದ್ರೆ…”

“ಹೇಳ್ತಾ ಇದನ್ನ ಎಳಿ ಮಾರಾಯ. ನಿಂತು ಕೇಳೋಕೆ ಪುರುಸೊತ್ತಿಲ್ಲ.” ಗೋರುಮಣೆ ಅವನ ಕೈಗೆ ಬಂದಿತ್ತು.

ಅವನು ಎಳೆಯುತ್ತ ಹೇಳಿದ, ಹೇಳುತ್ತ ಎಳೆದ. ಬೇಸಿಕಲಿ ಇದು ಸೀಸನ್, ಬಿಕಾಸ್ ಬೆಟ್ಟವೆಲ್ಲ ತಂಪಾಗಿದೆ. ತಂಪಾದರೆ ನಿನಗೆ ಯಾಕೆ ತೊಂದರೆ ಎಂದು ಸುಶೀಲಾ ಕೇಳಿದಳು. ಆಕ್ಚುಲಿ ತಂಪಾದರೆ ಜನ ಬರುತ್ತಾರೆ, ಬಂದವರಿಗೆ ತೋಟ ತೋರಿಸಬೇಕು. ತೋಟವನ್ನು ಪಂಚಮಿ ಯಾಕೆ ತೋರಿಸಬಾರದು? ಆನೆಸ್ಟ್ಲಿ ಅವರಿಗೆ ಓನರೇ ಬೇಕು. ಯಾಕೆ? ಹೀಗೆ ಒಂದೊಂದು ಯಾಕೆಗೂ ಒಂದೊಂದು ಸಾಲು ಕಾಫಿ ರಾಶಿಗೆ ಬಂದು ಸೇರಿತು. ರಾಶಿಯಾದ ಮೇಲೆ ಹುಚ್ಚಮ್ಮ ಚೀಲದ ಬಾಯಿ ಅಗಲಿಸಿ ಹಿಡಿದು, ಅದೂ ಹೌದನಾ, ಆಮೇಲೆಂತಾಯ್ತು ಯಶವಂತಯ್ಯ, ಎಂದು ಕತೆ ಕೇಳುವವಳ ಹಾಗೆ ಕುಳಿತಳು. ಅವನು ಬುಟ್ಟಿಯಲ್ಲಿ ತುಂಬಿ ತುಂಬಿ ಸುರಿದ.

ಮೊದಲ ಮೂಟೆ ಹೆಗಲಿಗೇರಿದಾಗಲೂ ಮಾತು ಸರಾಗವಾಗಿಯೇ ಇತ್ತು. ಉಗ್ರಾಣದ ಮೆಟ್ಟಿಲು ಕಡಿದು. ನಾಲ್ಕಾರು ಸಲ ಹತ್ತಿಳಿಯುವಷ್ಟರಲ್ಲಿ ಅವನ ಮಾತಿನ ಬೇಸಿಕಲಿ ಉದುರಿತು. ಆಮೇಲೆ ಆಕ್ಚುಲಿ ಹೋಯಿತು. ಬಿಕಾಸ್ ಎಂಬುದು ಒಂದೆರಡು ಮೂಟೆ ಗಟ್ಟಿಯಾಗಿ ನಿಂತು, ಕೊನೆಗೆ ಅದೂ ಏದುಸಿರಿನಲ್ಲಿ ಕರಗಿತು. ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿತ್ತು. ತಂಗಾಳಿ ಮಣ್ಣಿನ ವಾಸನೆ ತರುತ್ತಿತ್ತು.

ಕೊನೆಯ ಮೂಟೆಗೆ ಕೈ ಕೊಡುತ್ತ ಸುಶೀಲಾ, ಕೇಳಿ ಕೇಳಿ ರೂಢಿಯಾದದ್ದಕ್ಕೋ ಏನೋ, ಮತ್ತೊಮ್ಮೆ ಯಾಕೆ ಎಂದಳು.

ಯಶವಂತ ಮೂಟೆ ಹೊತ್ತುಕೊಂಡೇ ನಿಂತ.

“ನಮ್ಮ ಜಗ್ಲಿಯಿಂದ ನಿಮ್ಮ ಕಣ ಕಾಣ್ತದೆ ಸುಶೀಲಕ್ಕ. ಎಸ್ಟೇಟ್ ಓನರ್ ಅಂತ ಹೇಳ್ಕೊಂಡಿದ್ದೇನೆ ಗೆಸ್ಟ್‌ಗಳ ಹತ್ರ. ನಾನು ಇಲ್ಲಿ ಮೂಟೆ ಹೊರೋದು ಕಂಡ್ರೆ ಎಂತ ತಿಳ್ಕೊಳ್ತಾರೆ. ನಾಚಿಕೆ ಆಯ್ತು, ಅಷ್ಟೇ.”

ಹೇಳಿ, ಮೆಟ್ಟಿಲು ಹತ್ತಿದ.

ಸುಶೀಲಾ ಕಣಿವೆಯಾಚೆ ನೋಡಿದಳು. ಯಶವಂತನ ಜಗಲಿಯಲ್ಲಿ ಕೆಂಪು ಜಾಕೀಟಿನವರೊಬ್ಬರು ಫೋನು ಎತ್ತಿ ಹಿಡಿದು ನಿಂತಿದ್ದರು. ಮೋಡದ ಚಿತ್ರ ತೆಗೆಯುತ್ತಿದ್ದರೋ, ಓನರಿನದೋ, ಇಷ್ಟು ದೂರದಿಂದ ತಿಳಿಯುವಂತಿರಲಿಲ್ಲ. ಕೇಳಬಾರದಿತ್ತು ಎನ್ನಿಸಿತು ಅವಳಿಗೆ. ಬ್ರೇಕು, ಸೊಂಟ, ಸೀಸನ್ ಎಲ್ಲವನ್ನೂ ನಗುತ್ತ ಕೇಳಿಬಿಡಬಹುದಿತ್ತು. ಇದನ್ನು ಎಲ್ಲಿಡುವುದೆಂದು ಗೊತ್ತಾಗಲಿಲ್ಲ.

ಹನಿ ಬಿದ್ದಾಗ ಕಣ ಬರಿದಾಗಿತ್ತು. ದೊಡ್ಡ ದೊಡ್ಡ ಹನಿಗಳು ಬೆಚ್ಚಗಿನ ಸಿಮೆಂಟಿನ ಮೇಲೆ ಬಿದ್ದು ಆವಿ ಎದ್ದಿತು. ಮೂವರೂ ಸೂರಿನಡಿ ನಿಂತರು. ಸುಶೀಲಾ ಒಳಗೆ ಹೋಗಿ, ಬೆಳಿಗ್ಗೆಯೇ ಬೇಯಿಸಿಟ್ಟಿದ್ದ ಕಡುಬು, ಕಾಯಿಚಟ್ನಿ, ತುಪ್ಪ ಬಡಿಸಿದ ಎಲೆಯನ್ನು ತಂದು ಯಶವಂತನ ಮುಂದಿಟ್ಟಳು. ಮುಯ್ಯಾಳಿಗೆ ಮನೆಯವರು ಊಟ ಹಾಕಿದರೆ ಆ ದಿನದ ಕೆಲಸ ಲೆಕ್ಕಕ್ಕೆ ಸೇರಿತು ಎಂದೇ ಅರ್ಥ. ಅವನು ಎಲೆ ನೋಡಿದ, ಅವಳ ಮುಖ ನೋಡಿದ.

“ನಾನು ಹೇಳಿ ಹೋಗೋಕೆ ಬಂದದ್ದು.”

“ಹೇಳಿದ್ದಾಯ್ತಲ್ಲ,” ಎಂದಳು ಹುಚ್ಚಮ್ಮ. “ಉಣ್ಣಿ. ಮುಯ್ಯಿ ತೀರ್ತು.”

ಅವನು ಉಂಡ. ಇನ್ನೆರಡು ಕಡುಬು ಹಾಕಿಸಿಕೊಂಡ. ಫೋನು ಜೇಬಿನಲ್ಲಿ ಗುರುಗುಟ್ಟುತ್ತಲೇ ಇತ್ತು, ತೆಗೆಯಲಿಲ್ಲ. ಕೈ ತೊಳೆದು ಮೆಟ್ಟಿಲಿಳಿದವನು ಮಳೆಯಲ್ಲೇ ತಿರುಗಿ ನಿಂತ.

“ಸುಶೀಲಕ್ಕ, ಒಂದು ಟಾರ್ಪಾಲು ಕೊಡ್ತೀರಾ? ನಾಳೆ ತಂದುಕೊಡ್ತೇನೆ.”

ಯಾಕೆ ಬೇಕೆಂದು ಹೇಳಲು ಬಾಯಿ ತೆರೆದ. ಸುಶೀಲಾ ಅಷ್ಟರಲ್ಲಿ ಒಳಗಿನಿಂದ ಟಾರ್ಪಾಲು ತಂದು ಅವನ ಕೈಗಿಟ್ಟು, ಒಂದು ಮೂಲೆ ಹರಿದಿದೆ, ಆ ಕಡೆಯನ್ನು ಇಳಿಜಾರಿಗೆ ಹಾಕು ಎಂದಳು.