ವನಿತಾಳ ಹೆಸರಿನ ದಿನಗಳು

ಚಿಕ್ಕಯ್ಯನಛತ್ರದ ಆಚೆಯ ಗದ್ದೆಬಯಲಿನಲ್ಲಿ ಪುಟ್ಟಲಕ್ಷ್ಮಿಯಂತೆ ನಾಟಿ ಹಾಕುವ ಕೈ ಇನ್ನೊಂದಿಲ್ಲ ಎಂಬುದನ್ನು ಎಲ್ಲರೂ ಒಪ್ಪುತ್ತಿದ್ದರು. ಒಪ್ಪದೇ ಇದ್ದದ್ದು ಒಂದು ಫೋನು ಮಾತ್ರ. ಫೋನಿನ ಪ್ರಕಾರ ಆ ಊರಿನ ಅತಿ ದೊಡ್ಡ ನಾಟಿಗಾರ್ತಿ ಪಕ್ಕದ ಮನೆಯ ವನಿತಾ. ಹೋದ ವರ್ಷದ ನಾಟಿಯಲ್ಲಿ ವನಿತಾ ಬಹುಪಾಲು ಮನೆಯ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದಳು. ಆದರೆ ಅವಳನ್ನು ದೊಡ್ಡವಳನ್ನಾಗಿ ಮಾಡಿದ್ದು ಸ್ವತಃ ಪುಟ್ಟಲಕ್ಷ್ಮಿ, ಅದೂ ತನ್ನ ಕೈಯಾರೆ.

ಆ ಫೋನಿನ ವಿದ್ಯೆಯನ್ನು ಊರಿಗೆ ತಂದವನು ಟಿ. ನರಸೀಪುರದಲ್ಲಿ ರೈತರಿಗೆ ತರಬೇತಿ ಕೊಡುವ ಸಂಸ್ಥೆಯ ಹುಡುಗ ಹೇಮಂತ್. ಹೋದ ವರ್ಷದ ಆಷಾಢದಲ್ಲಿ ಒಂದು ಬೆಳಿಗ್ಗೆ ಹಾಲಿನ ಡೈರಿ ಮುಂದೆ ಹೆಂಗಸರನ್ನೆಲ್ಲ ಕೂರಿಸಿ ‘ಕಂಡೋರು’ ಎಂಬ ಆ್ಯಪ್ ತೋರಿಸಿದ.

“ಇದೂ ಫೇಸ್‌ಬುಕ್ ತರಾನೇ ಅಮ್ಮ. ಆದ್ರೆ ಇಲ್ಲಿ ಮುಖ ಹಾಕೋದಲ್ಲ, ಮಾಡಿದ ಕೆಲಸದ ಫೋಟೋ ಹಾಕೋದು. ಕಂಡ ಇಬ್ಬರು ‘ಕಂಡೆ’ ಅಂತ ಒತ್ತಬೇಕು. ಒತ್ತಿದ ಮೇಲೆ ಅದು ಬ್ಲಾಕ್‌ಚೈನ್‌ಗೆ ಹೋಗ್ತದೆ.”

“ಅಂಗಂದ್ರೇನಪ್ಪ?” ಎಂದಳು ಊರಿಗೇ ಹಿರಿಯಳಾದ ಚನ್ನಾಜಮ್ಮ.

“ಅಳಿಸಕ್ಕಾಗದ ಪುಸ್ತಕ ಅಜ್ಜಿ. ಸಾವಿರಾರು ಕಂಪ್ಯೂಟರಲ್ಲಿ ಒಂದೇ ಬರಹ ಇರ್ತದೆ.”

“ತಪ್ ಬರುದ್ರೆ?”

“ತಪ್ಪು ಬರೀಬೇಡಿ.”

ದಿನಕ್ಕೊಂದು ಟೋಕನ್ ಸಿಗುತ್ತದೆ ಎಂದ. ಆ ಟೋಕನ್ನಿಗೆ ಚಿಕ್ಕಯ್ಯನಛತ್ರದ ಯಾವ ಅಂಗಡಿಯಲ್ಲೂ ಒಂದು ಬೆಂಕಿಪೊಟ್ಟಣ ಕೊಡುತ್ತಿರಲಿಲ್ಲ, ಆದರೆ ಅದರ ಬೆಲೆ ಏರುತ್ತಿದೆಯಂತೆ. ಪುಟ್ಟಲಕ್ಷ್ಮಿಯ ಕಿವಿ ನೆಟ್ಟಗಾದದ್ದು ಟೋಕನ್ನಿಗಲ್ಲ, ಆಮೇಲೆ ಬಂದ ಮಾತಿಗೆ. ಮೂವತ್ತು ದಿನಕ್ಕಿಂತ ಹೆಚ್ಚಿನ ನಾಟಿ ಪುಸ್ತಕಕ್ಕೆ ಏರಿದವರನ್ನು ಟಿ. ನರಸೀಪುರದ ತರಬೇತಿ ಗದ್ದೆಗೆ ಮೇಡಂ ಆಗಿ ತೆಗೆದುಕೊಳ್ಳುತ್ತಾರೆ. ಬದುವಿನ ಮೇಲೆ ನಿಂತು ಹೊಸಬರಿಗೆ ಸಾಲು ನಾಟಿ ಹೇಳಿಕೊಡುವುದು, ತಿಂಗಳಿಗೆ ಸಂಬಳ. ಎಸ್ಸೆಸ್ಸೆಲ್ಸಿ ಕೇಳುವುದಿಲ್ಲ.

ಪುಟ್ಟಲಕ್ಷ್ಮಿ ಇಪ್ಪತ್ತಾರು ವರ್ಷದಿಂದ ಕೆಸರಿನಲ್ಲಿ ಬಗ್ಗಿದವಳು. ಈಚೆಗೆ ಮಂಡಿ ಮಾತು ಕೇಳುತ್ತಿರಲಿಲ್ಲ. ಇನ್ನೊಂದೆರಡು ನಾಟಿ ಕಳೆದರೆ ತಾನು ಏಳಲಾರೆ ಎಂಬುದು ಅವಳಿಗೆ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಬದುವಿನ ಮೇಲೆ ನಿಲ್ಲುವ ಕೆಲಸ ಅವಳಿಗೆ ಬೇಕೇ ಬೇಕಿತ್ತು.

ಹೆಂಗಸರ ಗುಂಪಿಗೆಂದು ಹೇಮಂತ್ ಕೊಟ್ಟ ಫೋನು ಅವಳ ಸೆರಗಿಗೇ ಬಂತು. ಸಂಜೆ ಎಲ್ಲರ ಕೆಲಸ ಬರೆಯುವವಳು ಅವಳೇ.

ಈ ಕಡೆ ನಾಟಿ ನಡೆಯುವುದು ಮುಯ್ಯಾಳಿನ ಮೇಲೆ. ಇವತ್ತು ನೀವು ನಮ್ಮ ಗದ್ದೆಗೆ, ನಾಳೆ ನಾವು ನಿಮ್ಮ ಗದ್ದೆಗೆ. ಕೂಲಿಯಿಲ್ಲ, ದಿನಕ್ಕೆ ದಿನ. ಬರಲಾಗದವರು ಬದಲಿಗೆ ಒಬ್ಬರನ್ನು ಕಳಿಸಬಹುದು, ಆದರೆ ದಿನ ಕಳಿಸಿದವರದ್ದು. ಬದಲಿಗೆ ಹೋದವಳು ಆ ದಿನವನ್ನು ತನ್ನದೆಂದರೆ ಅದು ಕಳ್ಳತನ. ಬಸುರಿ ವನಿತಾ ಒಂಬತ್ತು ದಿನ ಗದ್ದೆಗಿಳಿದು ಹತ್ತನೆಯ ದಿನ ಕಾಲು ಊದಿ ಮಲಗಿದಳು. ಅವಳ ಮನೆ ಊರಿಗೆಲ್ಲ ಇನ್ನೂ ಇಪ್ಪತ್ತೆರಡು ದಿನ ಕೊಡಬೇಕಿತ್ತು. ಪುಟ್ಟಲಕ್ಷ್ಮಿ ತನ್ನ ಮನೆಯ ಒಂಬತ್ತು ದಿನ ಮುಗಿಸಿ, ವನಿತಾಳ ಇಪ್ಪತ್ತೆರಡಕ್ಕೂ ಹೋದಳು. ಸಂಜೆ ಫೋನು ‘ಈ ಕೆಲಸ ಯಾರದು’ ಎಂದು ಕೇಳಿದಾಗ ಧರ್ಮವಾಗಿ ವನಿತಾ ಎಂದೇ ಬರೆದಳು. ಸಾಕ್ಷಿಗಳೂ ಧರ್ಮವಾಗಿಯೇ ‘ಕಂಡೆ’ ಒತ್ತಿದರು. ಫೋಟೋ ನೋಡಿ ಯಾರೂ ಆಕ್ಷೇಪಿಸುವಂತಿರಲಿಲ್ಲ. ನಾಟಿ ಹಾಕುವವರ ಫೋಟೋದಲ್ಲಿ ಬೆನ್ನು ಬಿಟ್ಟರೆ ಬೇರೇನೂ ಬೀಳುವುದಿಲ್ಲ.

ಬೇಸಿಗೆಯಲ್ಲಿ ಫಲಿತಾಂಶ ಬಂತು. ಹೋಬಳಿಗೆಲ್ಲ ಮೂವತ್ತು ದಾಟಿದವಳು ಒಬ್ಬಳೇ. ವನಿತಾ, ಮೂವತ್ತೊಂದು ದಿನ. ಪುಟ್ಟಲಕ್ಷ್ಮಿ, ಒಂಬತ್ತು.

ಪುಟ್ಟಲಕ್ಷ್ಮಿಗೆ ಹೊಟ್ಟೆ ಉರಿಯಿತು. ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಯಾರನ್ನು ಬೈಯುವುದು? ಬರೆದವಳು ತಾನು, ಬರೆದದ್ದು ಸರಿ. ಎರಡು ದಿನ ಪಕ್ಕದ ಮನೆಯ ಕಡೆ ತಿರುಗಿ ನೋಡಲಿಲ್ಲ. ಮೂರನೆಯ ದಿನ ವನಿತಾ ಮಗುವನ್ನು ಸೊಂಟಕ್ಕೇರಿಸಿಕೊಂಡು ತಾನೇ ಬಂದಳು.

“ಅಕ್ಕ, ಬಸ್ಸಿಗೆ ಒಂಡು. ನರಸೀಪುರುಕ್ಕೋಗಿ ಆ ಕೆಲ್ಸ ನಂಗ್ ಬ್ಯಾಡ ಅಂತ ಏಳ್ಬುಟ್ಟು ಬರವ.”

“ಬಂದಿದ್ನ ಯಾಕ್ ಬುಟ್ಟಿಯಮ್ಮಿ?”

“ನನ್ ಸಾಲು ನೀ ನೋಡಿಲ್ವಾ? ಆವು ಓದಂಗೆ ಓಯ್ತದೆ. ನಾನ್ ಯಾರ್ಗೆ ಕಲುಸ್ಲಿ?”

ಗೊಬ್ಬರದಂಗಡಿಯ ಮಹಡಿಯ ಮೇಲಿನ ಆಫೀಸಿನಲ್ಲಿ ಹೇಮಂತ್ ಇಬ್ಬರ ಮಾತನ್ನೂ ಪೂರ್ತಿ ಕೇಳಿದ. ಒಳ್ಳೆಯ ಹುಡುಗ, ಪಾಪ, ತಲೆ ಎರಡು ಕೈಯಲ್ಲಿ ಹಿಡಿದುಕೊಂಡ.

“ನಿಮ್ಮ ಮಾತು ನಿಜಾನೇ ಇರಬಹುದಮ್ಮ. ಆದ್ರೆ ಒಳಕ್ಕೆ ಹೋದದ್ದು ಹೋಯ್ತು. ಬ್ರಹ್ಮ ಬಂದ್ರೂ ಅಳಿಸಕ್ಕಾಗಲ್ಲ.”

“ಸೇರ್ಸಕ್ಕಾಯ್ತದಾ ಸಾ?” ಎಂದು ಕೇಳಿದವಳು ವನಿತಾ.

“ಸೇರಿಸೋದು ಎಷ್ಟು ಬೇಕಾದ್ರೂ ಸೇರಿಸಬಹುದು. ನೀವು ಬೇಡ ಅಂದ್ರೆ ಈ ಜಾಗ ಮುಂದಿನ ನಾಟಿ ಮುಗಿಯೋವರೆಗೂ ಖಾಲಿ ಇರ್ತದೆ.”

ವನಿತಾ ಪುಟ್ಟಲಕ್ಷ್ಮಿಯ ಮುಖ ನೋಡಿದಳು. “ಸರಿ ಅಕ್ಕ. ನಿನ್ ಇಪ್ಪತ್ತೆರಡು ದಿನ ನಾನ್ ತೀರುಸ್ಬೇಕಲ್ಲ. ತೀರುಸ್ತೀನಿ.”

ಈ ವರ್ಷ ವನಿತಾಳ ಮನೆಯವರು ಗದ್ದೆಗೆ ಬಾಳೆ ಹಾಕಿದ್ದರು, ನಾಟಿಯಿಲ್ಲದ ಮೇಲೆ ಅವಳಿಗೆ ಬೇರೆ ಯಾರ ದಿನದ ಹಂಗೂ ಇರಲಿಲ್ಲ. ಕಾಲುವೆಗೆ ನೀರು ಬಂದ ಮರುದಿನವೇ ಪುಟ್ಟಲಕ್ಷ್ಮಿಯ ಬದಲಿಗೆ ಗದ್ದೆಗಿಳಿದಳು. ಪುಟ್ಟಲಕ್ಷ್ಮಿ ಮಗುವನ್ನು ಎತ್ತಿಕೊಂಡು ಬದುವಿನ ಮೇಲೆ ನಿಂತಳು. ಸುಮ್ಮನೆ ನಿಲ್ಲುವ ಜೀವವಲ್ಲ ಅದು.

“ನೆಟ್ಟಿದ್ಯೋ ಎಸ್ದಿದ್ಯೋ ಅಮ್ಮಿ ಅದು? ಬೆರಳು ಊರು. ಎರಡು ಕಡ್ಡಿ ಸಾಕು, ಕಂತೆ ಇಡಬ್ಯಾಡ.”

ಹತ್ತು ದಿನಕ್ಕೆ ವನಿತಾಳ ಸಾಲು ನೆಟ್ಟಗಾಯಿತು. ಸಂಜೆ ಫೋನು ಯಾರ ಕೆಲಸ ಎಂದು ಕೇಳುತ್ತಿತ್ತು, ಪುಟ್ಟಲಕ್ಷ್ಮಿ ತನ್ನ ಹೆಸರು ಬರೆಯುತ್ತಿದ್ದಳು, ಹೆಂಗಸರು ‘ಕಂಡೆ’ ಒತ್ತುತ್ತಿದ್ದರು. ಇಡೀ ದಿನ ಅವಳು ಬದುವಿನ ಮೇಲಿದ್ದದ್ದನ್ನು ಅವರೆಲ್ಲ ಕಂಡೇ ಇದ್ದರು. ಆದರೆ ದಿನ ಅವಳದ್ದು. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಇಪ್ಪತ್ತೆರಡನೆಯ ಸಂಜೆ ಫೋನು ಕುಣಿಯಿತು. ಹೋದ ವರ್ಷದ ಒಂಬತ್ತೂ ಸೇರಿ ಮೂವತ್ತೊಂದು ದಿನ, ಅಭಿನಂದನೆಗಳು, ಸೋಮವಾರ ಬಂದು ಸೇರಿಕೊಳ್ಳಿ. ಆದರೆ ಅಂದು ನಾಟಿ ನಡೆದಿದ್ದ ಚೆಲುವಯ್ಯನ ಗದ್ದೆಯಲ್ಲಿ ಅರ್ಧ ತಾಕು ಉಳಿದಿತ್ತು, ಕಿತ್ತ ಪೈರು ಬದುವಿನ ಮೇಲೆ ಒಣಗುತ್ತಿತ್ತು. ವನಿತಾ ಮರುದಿನವೂ ಬಂದು ಪುಟ್ಟಲಕ್ಷ್ಮಿಯ ಬದಲಿಗೇ ನೆಟ್ಟು ಮುಗಿಸಿದಳು.

“ಒಂದಿನ ಎಚ್ಗೆ ಆಯ್ತಲ್ಲಮ್ಮಿ,” ಎಂದಳು ಪುಟ್ಟಲಕ್ಷ್ಮಿ.

“ಇರ್ಲಿ ಬುಡಕ್ಕ.”

ಪುಟ್ಟಲಕ್ಷ್ಮಿ ಬೆರಳು ಮಡಚಿ ಆ ಒಂದು ದಿನವನ್ನು ಲೆಕ್ಕಕ್ಕೆ ಹಿಡಿದಳು.

ಸೋಮವಾರ ತರಬೇತಿ ಗದ್ದೆಯಲ್ಲಿ ಹತ್ತು ಮಂದಿ ಹೊಸ ಹೆಂಗಸರು ಕೆಸರಿಗೆ ಇಳಿದಿದ್ದರು. ಪುಟ್ಟಲಕ್ಷ್ಮಿ ಬದುವಿನ ಮೇಲೆ ನಿಂತು ಬೆಳಿಗ್ಗೆಯಿಂದ ಸಂಜೆಯವರೆಗೆ ಬೈದಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಕಾಲು ನೆನೆಯದ ದಿನವೊಂದಕ್ಕೆ ಸಂಬಳ ಬರುವುದಿತ್ತು. ಅವಳಿಗೆ ಅಳು ಬಂತು, ಸೆರಗಿನಲ್ಲಿ ಒರೆಸಿಕೊಂಡಳು.

ಸಂಜೆ ಹೇಮಂತ್ ಹಾಜರಿಯ ಫೋನು ಕೈಗೆ ಕೊಟ್ಟ. ‘ಈ ಕೆಲಸ ಯಾರದು?’

ಪುಟ್ಟಲಕ್ಷ್ಮಿ ಒಂದೊಂದೇ ಅಕ್ಷರ ಹುಡುಕಿ ವನಿತಾ ಎಂದು ಬರೆದಳು.

“ಏನಮ್ಮ ಮಾಡಿದ್ರಿ? ಇವತ್ತಿನ ಸಂಬಳ ಅವರಿಗೆ ಹೋಗ್ತದೆ. ನೀವು ಮೊದಲನೇ ದಿನವೇ ಗೈರು ಅಂತ ಆಗ್ತದೆ. ಅಳಿಸಕ್ಕೂ ಆಗಲ್ಲ.”

“ಅಳ್ಸಕ್ಕಾಗಲ್ಲ ಅಂತ್ಲೇ ಬರ್ದಿದ್ದು ಸಾ. ಅವಳ ಒಂದಿನ ನನ್ ತಾವ ಉಳ್ಕೊಂಡಿತ್ತು. ನಾಳೆಯಿಂದ ನಂದು.”

ಕೆಸರಿನಿಂದ ಮೇಲೆ ಬಂದ ಒಬ್ಬ ಹೆಂಗಸು ಕೈ ಒರೆಸಿಕೊಂಡು ‘ಕಂಡೆ’ ಒತ್ತಿದಳು. ಇನ್ನೊಂದು ಸಾಕ್ಷಿ ಬೇಕಿತ್ತು. ಹೇಮಂತ್ ತನ್ನ ಜೇಬಿನ ಫೋನು ತೆಗೆದು ತಾನೂ ಒತ್ತಿದ.