ಗುಳಿಗೆ ನುಂಗಿದ ಪಂಚ

ಬೆಳಗಾದಾಗ ಶಂಕ್ರೆವ್ವನ ವ್ಯಾಜ್ಯದಲ್ಲಿ ಗುರಪ್ಪನಿಗೆ ಎಳ್ಳಷ್ಟೂ ಸಂಶಯ ಉಳಿದಿರಲಿಲ್ಲ. ಅವನನ್ನು ಹೆದರಿಸಿದ್ದೂ ಅದೇ. ಉಪ್ಪು ಕೊಳ್ಳುವುದಕ್ಕೂ ಎರಡು ಅಂಗಡಿ ಸುತ್ತುವ ಆಸಾಮಿ ಅವನು.

ಬಿಜಾಪುರ ಸೀಮೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷದ ಬೇಸಿಗೆ. ಲಚ್ಯಾಣದ ಆಚೆಯ ಆ ಊರಿನಲ್ಲಿ ತೋಟದ ಬಾವಿಯ ನೀರನ್ನು ಪಾಲುದಾರರು ಸರದಿಯ ಮೇಲೆ ಹಾಯಿಸಿಕೊಳ್ಳುತ್ತಿದ್ದರು. ಶಂಕ್ರೆವ್ವನ ಗಂಡ ತೀರಿದ ಮೇಲೆ ಅವಳ ಸರದಿಯನ್ನು ಮೈದುನ ಗುರಲಿಂಗಪ್ಪ ಹಿಡಿದುಕೊಂಡ. ಅಣ್ಣ ಬದುಕಿದ್ದಾಗಲೇ ತನಗೆ ಬಿಟ್ಟುಕೊಟ್ಟಿದ್ದನೆಂಬುದು ಅವನ ವಾದ. ಅವಳ ನಿಂಬೆಗಿಡಗಳ ಎಲೆ ಮುದುಡುತ್ತಿದ್ದವು.

ವ್ಯಾಜ್ಯ ತೀರಿಸುವ ಊರಿನ ಮೂವರು ಪಂಚರು ಮಾತು ಕೇಳಿದ ದಿನವೇ ತೀರ್ಪು ಹೇಳುವಂತಿರಲಿಲ್ಲ. ಸಂಜೆ ಕೇಳಬೇಕು, ಮನೆಗೆ ಹೋಗಿ ಮಲಗಬೇಕು, ಬೆಳಿಗ್ಗೆ ಹೇಳಬೇಕು. ನಿದ್ದೆಯಲ್ಲಿ ಸಿಟ್ಟು, ಮುಲಾಜು ತಳಕ್ಕೆ ಕೂತು ನ್ಯಾಯ ತಿಳಿಯಾಗುತ್ತದೆಂದು ಹಿರಿಯರ ನಂಬಿಕೆ. ಸತ್ತ ತಂದೆಯ ಜಾಗಕ್ಕೆ ಪಂಚನಾಗಿ ಬಂದ ಗುರಪ್ಪನಿಗೆ ಇದು ಮೊದಲ ವ್ಯಾಜ್ಯ. ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವನಿಗೆ ತನ್ನ ತಲೆ ನಿಧಾನವೆಂಬ ಅಳುಕು. ಇಂಡಿಗೆ ಹೋದಾಗ ದವಾಖಾನೆಯ ಕಂಪೌಂಡರ್ ಬಾಬುಲಾಲನ ಮುಂದೆ ಅದನ್ನೇ ತೋಡಿಕೊಂಡಿದ್ದ.

‘ಪರೀಕ್ಷಾ ಬರಿಯೋರು ತಗೋತಾರ, ಗುರಪ್ಪಣ್ಣ. ತಲಿ ಕುದುರಿ ಓಡಿದಂಗ ಓಡತೈತಿ ನೋಡ್ರಿ’ ಎಂದು ಬಾಬುಲಾಲ ಒಂದು ಬಿಳಿ ಗುಳಿಗೆ ಕೊಟ್ಟ.

ಓಡಿದ್ದೇನೋ ನಿಜ. ಹಿಂದಿನ ಸಂಜೆ ಗುಳಿಗೆ ನುಂಗಿ ಚಾವಡಿಯಲ್ಲಿ ಕೂತಾಗ, ಗುರಲಿಂಗಪ್ಪ ಬಾಯಿ ತೆರೆಯುವ ಮೊದಲೇ ಅವನ ಸುಳ್ಳು ಗೊತ್ತಾದಂತಿತ್ತು. ಮನೆಗೆ ಬಂದರೆ ಕಣ್ಣು ಮುಚ್ಚಲಿಲ್ಲ. ಅದೇ ಖಾತ್ರಿಯಲ್ಲಿ ಹೆಂಡತಿ ಸುಮಿತ್ರಾಬಾಯಿಗೆ, ಎಡಗಡೆಯ ಎತ್ತು ಮಾರುವುದೇ ಸೈ, ಅಡುಗೆಮನೆಯ ಗೋಡೆ ಒಡೆಯುವುದೇ ಸೈ ಎಂದ. ಬೆಳಿಗ್ಗೆ ಮೇವು ಹಾಕಲು ಹೋದಾಗ ಎತ್ತು ಅವನ ಕೈ ನೆಕ್ಕಿತು. ಇದನ್ನೇಕೆ ಮಾರಬೇಕು? ಕಾರಣ ನೆನಪಾಗಲಿಲ್ಲ. ಎತ್ತಿನ ವಿಷಯದಲ್ಲಿ ಹುಸಿಯಾದ ಖಾತ್ರಿ ಶಂಕ್ರೆವ್ವನ ವಿಷಯದಲ್ಲಿ ಮಾತ್ರ ದಿಟವೇ?

ಆ ಪ್ರಶ್ನೆಯೊಂದಿಗೇ ಚಾವಡಿ ಮುಟ್ಟಿದ.

‘ಮಾತಿಗೆ ನಿದ್ದಿ ಆತೇನ?’ ಹಿರಿಯ ಪಂಚ ದಾವಲಮಲಿಕ ತೀರ್ಪಿಗೆ ಮೊದಲಿನ ವಾಡಿಕೆಯಂತೆ ಉಳಿದಿಬ್ಬರನ್ನು ಕೇಳಿದರು.

‘ಆಗೈತಿ’ ಎಂದರು ಇನ್ನೊಬ್ಬ ಪಂಚ ಶ್ರೀಶೈಲಪ್ಪ.

ಹೂಂ ಅಂದುಬಿಟ್ಟರೆ ಶಂಕ್ರೆವ್ವನಿಗೆ ಇವತ್ತೇ ನೀರು. ಗುರಪ್ಪ ದಾವಲಮಲಿಕರ ಕಡೆ ತಿರುಗಿದ.

‘ನಂದು ಆಗಿಲ್ರಿ, ಕಾಕಾ. ತಲಿ ಚುರುಕಾಗ್ಲಿ ಅಂತ ಗುಳಿಗಿ ನುಂಗಿದ್ದೆ. ಬೆಳತನಕ ಎಚ್ಚರ.’

‘ಶಾಣ್ಯಾತನದ ಗುಳಿಗಿ!’ ಗುರಲಿಂಗಪ್ಪ ತೊಡೆ ತಟ್ಟಿ ನಕ್ಕ. ‘ನನಗೂ ಒಂದ್ ತರಸಪಾ, ನಾನೂ ಪಂಚ ಆಗ್ತೇನಿ.’

‘ಚಾ ಕುಡದ್ರೂ ತಲಿ ಚುರುಕಾಗತೈತಿ’ ಎಂದರು ಶ್ರೀಶೈಲಪ್ಪ. ‘ಚಾದ ಕಪ್ಪು ಮುಂದಿಟ್ಕೊಂಡು ಎಷ್ಟು ನ್ಯಾಯ ಹೇಳಿಲ್ಲ ನಾವು? ಅದ್ರಾಗ ಏನ್ ತಪ್ಪೈತಿ? ಹೇಳಿಬಿಡು.’

‘ಚಾ ಕುಡದ ಮ್ಯಾಲೂ ನನಗ ಸಂಶೇ ಇರತೈತ್ರಿ. ನಿನ್ನಿ ಆ ಸಂಶೇನ ಇರಲಿಲ್ಲ.’

ದಾವಲಮಲಿಕ ಗಡ್ಡ ನೀವಿಕೊಂಡರು. ‘ಮೂವರದೂ ನಿದ್ದಿ ಆಗ್ಬೇಕಲ್ಲ. ಹಂಗಾದ್ರ ಸಂಜಿಗೆ ಮತ್ತ ಕೇಳೂಣು. ತೀರ್ಪು ನಾಳಿಗೆ.’

ಶಂಕ್ರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ‘ನಿನಗ ನಿದ್ದಿ ಬರೂತನಕ ನನ್ನ ಗಿಡ ಜೀವ ಹಿಡದು ಕುಂದರಬೇಕೇನೋ, ಗುರಪ್ಪಾ? ನಿಮ್ಮಪ್ಪ ಗೊರಕಿ ಹೊಡಕೋತ ಆದ್ರೂ ನ್ಯಾಯ ಹೇಳ್ತಿದ್ದ!’

ಗುರಪ್ಪನಿಗೆ ಮನೆಗೆ ಹೋಗಿ ಮಲಗಲು ಆಗಲಿಲ್ಲ. ಕುಡಿಯುವ ನೀರಿನ ಬಾವಿಯಿಂದ ಸೇದಿ, ಕೊಡ ಹೆಗಲ ಮೇಲೆ ಹೊತ್ತು ಅವಳ ತೋಟಕ್ಕೆ ನಡೆದ.

‘ಅದಕ್ಕಲ್ಲ, ಇದಕ್ಕ ಹಾಕು. ಅದು ಸತ್ತೈತಿ’ ಎಂದು ಶಂಕ್ರೆವ್ವ ಬೆರಳು ತೋರಿದಳು.

ಅವನ ಕಣ್ಣಿಗೆ ಎರಡು ಗಿಡಗಳೂ ಒಂದೇ ತರಹ ಕಂಡವು. ಅವಳು ತೋರಿಸಿದ್ದಕ್ಕೇ ಹಾಕಿದ. ಅವಳು ಅತ್ತ ತಿರುಗಿದಾಗ, ಕೊಡದ ತಳದಲ್ಲಿ ಉಳಿದದ್ದನ್ನು ಸತ್ತಿದೆಯೆಂದ ಗಿಡದ ಬುಡಕ್ಕೂ ಸುರಿದು, ಮತ್ತೆ ಬಾವಿಯ ಕಡೆ ಹೊರಟ.