ಎಡಕ್ಕಿಟ್ಟ ತಟ್ಟೆ

ವಿನೋಬನಗರದ ಟೈಲರ್ ರೌಫ್‌ಗೆ ಲಕ್ವ ಹೊಡೆದ ಮೇಲೆ ಕೈಕಾಲು ಬೇಗನೇ ಹಿಡಿತಕ್ಕೆ ಬಂದವು. ಬರದೇ ಉಳಿದದ್ದು ಎಡಗಡೆಯ ಲೋಕ. ತಟ್ಟೆಯ ಬಲಭಾಗದ ಅನ್ನವನ್ನಷ್ಟೇ ಉಂಡು, “ಇಷ್ಟೇ ಏನೇ ನೀಡಿದ್ದು?” ಎಂದು ಹೆಂಡತಿ ಮಾಬೂಬೀಯ ಮೇಲೆ ರೇಗುತ್ತಿದ್ದ.

ಸರ್ಕಾರಿ ಆಸ್ಪತ್ರೆಯಿಂದ ಮನೆಗೇ ಬಂದು ತರಬೇತಿ ಕೊಡುತ್ತಿದ್ದ ನಯನಾ ಬಿಡಿಸಿ ಹೇಳಿದ್ದಳು. “ಕಣ್ಣು ಚಲೋ ಅದಾವ್ರಿ. ಎಡಗಡೆ ಅಂತ ಒಂದೈತೆ ಅನ್ನೋದನ್ನ ಮೆದುಳು ಮರ್ತೈತೆ. ತಟ್ಟೆ, ನೀರು ಎಲ್ಲಾ ಎಡಕ್ಕೇ ಇಡ್ರಿ. ಹುಡುಕ್ಲಿ. ಕೈಗೆ ಮಾತ್ರ ಕೊಡಬ್ಯಾಡ್ರಿ. ಅದು ಬಂತಂದ್ರೆ ಕತ್ರೀನೂ ಹಿಡೀಬೋದು.”

ಕತ್ತರಿ ಎಂದೊಡನೆ ರೌಫ್‌ನ ಮುಖ ಅರಳಿತು. ತಡಕಾಡಿ, ಬೈದು, ಬೆವರಿ, ಕಡೆಗೊಂದು ದಿನ ತಾನೇ ಲೋಟ ಹಿಡಿದ.

ಆಗಲೇ ಹರಿಹರದಿಂದ ಅವನ ಅಕ್ಕ ಸುಗ್ರಾಬಿ ಬಂದಿಳಿದಳು. “ಯಾಕೇ, ಉಣ್ಣೋ ತಟ್ಟೆ ಎಡಕ್ಕಿಡ್ತಿ? ಬಲಕ್ಕೆ ಬಡಿಸೋದು ನಿಮ್ಮವ್ವ ಕಲಿಸ್ಲಿಲ್ಲೇನು? ಬೀಮಾರಿ ಗಂಡನ್ನ ಕೋತಿ ಆಡಿಸ್ದಂಗ ಆಡಿಸ್ತೀಯಲ್ಲ!”

ಓಣಿಗೆಲ್ಲ ಕೇಳುವ ಗಂಟಲು. ಮಾಬೂಬೀ ನಾಚಿ ತಟ್ಟೆಯನ್ನು ಬಲಕ್ಕೆ ಸರಿಸಿದಳು. ಅಂದಿನಿಂದ ಎಲ್ಲವೂ ಬಲಕ್ಕೇ. ಮನೆಯಲ್ಲಿ ಬೈಗುಳವೂ ನಿಂತಿತು. ನಯನಾ ಬರುವ ಹೊತ್ತಿಗೆ ಮಾತ್ರ ಲೋಟ ಎಡಕ್ಕೆ ಹೋಗುತ್ತಿತ್ತು, “ದಿನಾ ಮಾಡಿಸ್ತೀನವ್ವ” ಎಂಬ ಸುಳ್ಳಿನ ಜೊತೆಗೆ.

ಒಂದು ದಿನ ಗುತ್ತಿಗೆ ಮುಗಿಯಿತೆಂದು ನಯನಾಳನ್ನೇ ಕೆಲಸದಿಂದ ತೆಗೆದರು. ಬೀದಿಗೊಂದು ಆಸ್ಪತ್ರೆಯ ಬೋರ್ಡು ಹೊಳೆಯುವ ಊರಲ್ಲಿ ಬಡವರ ಬಾಗಿಲು ತಟ್ಟಲು ಇನ್ನೊಬ್ಬರಿರಲಿಲ್ಲ. ಜೀವ ಉಳಿಸಿದ್ದೇವೆ, ಬದುಕೋದು ನಿಮ್ಮ ಹಣೆಬರಹ ಎನ್ನುವ ಈ ದೊಡ್ಡವರ ಮೇಲೆ ಮಾಬೂಬೀಗೆ ಸಿಟ್ಟು ಉಕ್ಕುತ್ತಿತ್ತು. ಆದರೆ ಆ ಹುಡುಗಿ ಬಂದಷ್ಟು ದಿನವನ್ನೂ ಮಣ್ಣುಪಾಲು ಮಾಡಿದವಳು ತಾನೇ ಅಲ್ಲವೇ? ಬೈಯಲು ಬಾಯಿ ತೆರೆದರೆ ಆ ಹುಡುಗಿಗೆ ಹೇಳಿದ ಸುಳ್ಳೇ ನೆನಪಾಗುತ್ತಿತ್ತು.

ರಂಜಾನಿಗೆ ಮುಂಚೆ ರೌಫ್ ಹಟ ಹಿಡಿದು ಜುಬ್ಬಾದ ಬಟ್ಟೆ ಹಾಸಿ, ಗೆರೆ ಎಳೆದು, ಕತ್ತರಿ ಕೈಗೆತ್ತಿಕೊಂಡ. ಬಲ ಹೆಗಲು, ಬಲ ಕಂಕುಳಿನ ತಿರುವು, ಅದೇ ಹಳೆಯ ಕೈ, ಕೂದಲೆಳೆಯಷ್ಟೂ ತಪ್ಪಿಲ್ಲ. ಎಡಕ್ಕೆ ಸೀಮೆಸುಣ್ಣದ ಒಂದು ಗೆರೆಯೂ ಬಿದ್ದಿರಲಿಲ್ಲ.

“ನೋಡೇ, ಮುಗೀತು! ನಾಳೆ ಅಂಗಡಿ ತೆಗಿಯಾದೇ!”

ಮಾಬೂಬೀ ಅವನ ಕೈಯಿಂದ ಕತ್ತರಿ ಇಸಕೊಂಡು ಕೆಳಗಿಟ್ಟಳು. “ನಂದೇ ತಪ್ಪು ರೀ. ನಿಮ್ಮನ್ನ ಹುಡುಕಾಕ ಬಿಡಬೇಕಿತ್ತು.”

“ಏನ್ ಹುಡುಕ್ಬೇಕೇ, ಹುಚ್ಚಿ?” ರೌಫ್ ನಕ್ಕ. “ಎಲ್ಲಾ ಇಲ್ಲೇ ಐತಲ್ಲ.”